ಮನೆಯಿಂದ ಕೆಲಸಕ್ಕೆ ನಮ್ಮ ಆಫೀಸು ಒಪ್ಪಿದ ಬಗೆ

ರಾಜಾಜಿನಗರದಲ್ಲಿ ನಮ್ಮದು ಚಿಕ್ಕ ಆಫೀಸು. ಬೇರೆ ಕಂಪನಿಗಳ ಲೆಕ್ಕಪತ್ರ, ಜಿಎಸ್‌ಟಿ, ಸಂಬಳದ ಪಟ್ಟಿ ನೋಡಿಕೊಳ್ಳುತ್ತೇವೆ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡಿದ್ದೆವು. ಆಫೀಸು ತೆರೆದ ಮೇಲೆ ಮಾತ್ರ ಆ ಮಾತು ಎತ್ತುವ ಹಾಗಿರಲಿಲ್ಲ. "ಅದು ಬೇರೆ ದಾರಿಯಿಲ್ಲದೆ ಮಾಡಿದ್ದಮ್ಮ" ಎನ್ನುತ್ತಿದ್ದರು ನಮ್ಮ ಸರ್.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ನೀರು ನುಗ್ಗಿತು. ಆ ಕಡೆಯಿಂದ ಬರುವ ಹುಡುಗಿಗೆ ಎರಡು ದಿನ ಮನೆ ಬಿಟ್ಟು ಹೊರಡಲು ಆಗಲಿಲ್ಲ. ಅವಳ ರಜೆ ಕತ್ತರಿಸಿದರು. ನನಗೆ ತುಂಬಾ ಬೇಜಾರಾಯಿತು. ಇದನ್ನು ಬದಲಾಯಿಸಲೇಬೇಕು ಅನ್ನಿಸಿತು.

ಮೊದಲು ಟ್ರಾಫಿಕ್, ಪೆಟ್ರೋಲ್, ಉಳಿಯುವ ಸಮಯ ಅಂತ ಮೀಟಿಂಗಿನಲ್ಲಿ ವಿವರಿಸಿದೆ. ಯಾರೂ ಒಪ್ಪಲಿಲ್ಲ. ಆಮೇಲೆ ಟೀ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ, "ನಿಮಗೆ ಯಾವುದು ಕಷ್ಟ ಅನ್ಸುತ್ತೆ?"

ಜಾಸ್ತಿ ವಿರೋಧ ಇದ್ದದ್ದು ಸರ್‌ಗಲ್ಲ, ನಮ್ಮ ಹಿರಿಯ ಅಕೌಂಟೆಂಟ್‌ಗೆ. ಇಪ್ಪತ್ತು ವರ್ಷದಿಂದ ಪ್ರತಿ ಫೈಲೂ ಅವರ ಮೇಜು ದಾಟಿಯೇ ಹೋಗುತ್ತದೆ. ಸಂದೇಹ ಬಂದರೆ ಎಲ್ಲರೂ ಅವರ ಹತ್ತಿರವೇ ಹೋಗುತ್ತಾರೆ. ಹುಡುಗರೆಲ್ಲ ಮನೆಯಲ್ಲಿ ಕೂತರೆ ತಮ್ಮನ್ನು ಯಾರು ಕೇಳುತ್ತಾರೆ ಎಂಬ ಅಳುಕು ಅವರದು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗೊತ್ತಾಗುತ್ತಿತ್ತು. "ಸರ್, ಯಾವ ಕೆಲಸ ಮನೆಗೆ ಹೋಗಬಹುದು ಅಂತ ನೀವೇ ಹೇಳಿ" ಎಂದು ಅವರ ಕೈಗೇ ಬಿಟ್ಟೆ.

ಮರುದಿನ ಅವರೇ ಒಂದು ಹಾಳೆ ತಂದರು. ಕಂಪನಿಗಳ ರಿಟರ್ನ್‌ಗೆ ಡಿಜಿಟಲ್ ಸಹಿ ಬೇಕು. ಸಹಿ ಇರುವ ಡಾಂಗಲ್, ಅಂದರೆ ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ಯುಎಸ್‌ಬಿ ಸಾಧನ, ಆಫೀಸು ಬಿಟ್ಟು ಹೋಗಬಾರದು. ಅದು ಸರಿಯಾದ ಮಾತು, ನನಗೆ ಹೊಳೆದಿರಲಿಲ್ಲ. ಆದರೆ 14ನೇ ತಾರೀಕು ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ಜಿಎಸ್‌ಟಿಗೆ ತೋರಿಸಿದ ಬಿಲ್ಲುಗಳ ಪಟ್ಟಿ, ಬಂದ ಮೇಲೆ ಖರೀದಿ ಬಿಲ್ಲುಗಳನ್ನು ತಾಳೆ ನೋಡುವುದಿದೆಯಲ್ಲ, ಅದಕ್ಕೆ ಗದ್ದಲವಿಲ್ಲದ ಜಾಗ ಸಿಕ್ಕರೆ ಸಾಕು. ಹಾಗಾಗಿ 15ರಿಂದ 17ರವರೆಗೆ ಮನೆ. 20ಕ್ಕೆ ತಿಂಗಳ ಜಿಎಸ್‌ಟಿ ರಿಟರ್ನ್ ಆದ 3ಬಿ ಕಟ್ಟಬೇಕಲ್ವಾ, 18ರಿಂದ ಎಲ್ಲರೂ ಆಫೀಸು. ಆರು ಜನ, ಮೂರು ತಿಂಗಳು ಅಂತ ಶುರು ಮಾಡಿದೆವು.

ಪ್ರತಿಯೊಬ್ಬರ ಸ್ಕ್ರೀನ್ ಫೋಟೋ ತೆಗೆಯುವ ಸಾಫ್ಟ್‌ವೇರ್ ಹಾಕಿಸೋಣ ಎಂದರು ಸರ್. ನಾನು ಬೇಡವೆಂದು ಗಟ್ಟಿಯಾಗಿ ಹೇಳಿದೆ. ಜೊತೆಯಲ್ಲಿ ಕೆಲಸ ಮಾಡುವವರನ್ನು ಕಳ್ಳರ ಹಾಗೆ ಕಾಯುವುದು ನನಗೆ ಸರಿ ಕಾಣಲಿಲ್ಲ. ಅದರ ಬದಲು ಒಂದು ಶೀಟ್ ಮಾಡಿದೆವು: ಪಾರ್ಟಿ ಹೆಸರು, ಬಿಲ್ ಬಂತಾ, ಎಂಟ್ರಿ ಆಯ್ತಾ, ತಾಳೆ ಆಯ್ತಾ. ಸಂಜೆ ಐದಕ್ಕೆ ತುಂಬಬೇಕು. ಮೊದಲ ತಿಂಗಳು ಸರ್ ದಿನಾ ನೋಡಿದರು. ಮೂರನೇ ತಿಂಗಳಿಗೆ ಕೇಳುವುದನ್ನೇ ಬಿಟ್ಟರು.

ಒಂದು ದಿನ ಯಲಹಂಕದಲ್ಲಿ ಹಗಲೆಲ್ಲ ಕರೆಂಟ್ ಇಲ್ಲದೆ ಒಬ್ಬರ ಕೆಲಸ ನಿಂತಿತು. ಅಂದಿನಿಂದ ಕರೆಂಟೋ ನೆಟ್ಟೋ ಹೋದರೆ ಆಫೀಸಿಗೆ ಬರಬಹುದು, ತಡವಾದರೂ ಯಾರೂ ಪ್ರಶ್ನೆ ಮಾಡುವುದಿಲ್ಲ. ಪಿಜಿಯಲ್ಲಿರುವ ಹುಡುಗನಿಗಂತೂ ಆಫೀಸೇ ಬೇಕಿತ್ತು. ಅವನನ್ನು ಯಾರೂ ಬಲವಂತ ಮಾಡಲಿಲ್ಲ.

ಫೈಲ್ ಜೋಡಿಸುವ ಅಣ್ಣ ಮಾತ್ರ "ನಮಗೇನು ಮೇಡಂ?" ಎಂದರು. ಆ ಪ್ರಶ್ನೆ ಮೊದಲೇ ನನಗೆ ಬರಬೇಕಿತ್ತು. ಈಗ ಅವರು ಬೆಳಿಗ್ಗೆ ಎಂಟಕ್ಕೆ ಬಂದು ನಾಲ್ಕಕ್ಕೆ ಹೊರಡುತ್ತಾರೆ, ಸಂಜೆಯ ಟ್ರಾಫಿಕ್ ತಪ್ಪುತ್ತದೆ.

ಸಂಬಳದ ಪಟ್ಟಿ ಮಾಡುವವರಿಗೆ ಇನ್ನೂ ಈ ಅನುಕೂಲ ಸಿಕ್ಕಿಲ್ಲ. ಜನರ ಆಧಾರ್, ಬ್ಯಾಂಕ್ ವಿವರಗಳನ್ನು ಸ್ವಂತ ಲ್ಯಾಪ್‌ಟಾಪ್‌ನಲ್ಲಿ ತೆರೆಯುವುದಕ್ಕೆ ನನ್ನ ಒಪ್ಪಿಗೆಯೂ ಇಲ್ಲ. ಆಫೀಸಿನ ಲ್ಯಾಪ್‌ಟಾಪ್ ಕೊಡಿಸುತ್ತೇನೆ ಎಂದಿದ್ದಾರೆ ಸರ್. ಎರಡು ಬಂದಿವೆ, ಇನ್ನೂ ಮೂರು ಬರಬೇಕು.