ವಿದ್ಯಾರ್ಥಿವೇತನದ ಅರ್ಜಿ: ತಂದೆ-ತಾಯಿಯ ಕಾಗದಪತ್ರ ಮೊದಲು ಸರಿಪಡಿಸಿ

ಕಾಲೇಜು ಮಕ್ಕಳು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕುವ ಅರ್ಜಿ ತಂದೆ-ತಾಯಿಯ ಆಧಾರ್ ಮತ್ತು ಆದಾಯವನ್ನೂ ಕೇಳುತ್ತದೆ. ಪ್ರವೇಶದ ಗಡಿಬಿಡಿ ಶುರುವಾಗುವ ಮೊದಲೇ ಇವನ್ನು ಸರಿಪಡಿಸಿಕೊಳ್ಳಿ.

ಮೊದಲ ಕೆಲಸ, ಹೆಸರು. ತಂದೆಯ ಆಧಾರ್‌ನಲ್ಲಿ ‘ಗಣಪತಿ ಸುಬ್ರಾಯ ಹೆಗಡೆ’, ಮಗಳ ಅಂಕಪಟ್ಟಿಯಲ್ಲಿ ‘ಜಿ.ಎಸ್. ಹೆಗಡೆ’ ಎಂದಿದ್ದರೆ ತೊಡಕು ಖಚಿತ. ಅಂಕೋಲಾ, ಕುಮಟಾ ಕಡೆ ನಾಯ್ಕ, ನಾಯಕ ಎಂಬುವು ಇಂಗ್ಲಿಷ್ ಕಾಗುಣಿತದಲ್ಲಿ ಅದಲುಬದಲಾಗಿರುತ್ತವೆ. ತಾಯಿಯ ಹೆಸರು ಮದುವೆಯಲ್ಲಿ ಬದಲಾಗಿದ್ದರೆ ತವರಿನದೊಂದು, ಗಂಡನ ಮನೆಯದೊಂದು. ವಿದ್ಯಾರ್ಥಿಯ ಹೆಸರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಅಳತೆ. ಆಧಾರನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿ ತಿದ್ದಿಸುವುದು ದೀರ್ಘದ ದಾರಿ.

ಆಧಾರ್‌ಗೆ ಜೋಡಿಸಿದ ಮೊಬೈಲ್ ಯಾರದೆಂದೂ ನೋಡಿ. ಮಗನ ಆಧಾರ್ ಅಪ್ಪನ ನಂಬರಿಗೆ ಜೋಡಣೆಯಾಗಿದ್ದು, ಅಪ್ಪ ಕಾರವಾರದ ಬೈತಖೋಲ್ ಬಂದರಿನಿಂದ ಬೋಟ್ ಹತ್ತಿ ಮೀನುಗಾರಿಕೆಗೆ ಹೋಗಿದ್ದರೆ ಒಟಿಪಿ ಸಿಗುವುದೇ ಇಲ್ಲ.

ಎರಡನೆಯದು ಆದಾಯ ಪ್ರಮಾಣಪತ್ರ. ಹೋಬಳಿಯ ನಾಡಕಚೇರಿಯಲ್ಲಿ ರೇಷನ್ ಕಾರ್ಡ್, ಆಧಾರ್ ಕೊಟ್ಟು ವಿದ್ಯಾರ್ಥಿಯ ಹೆಸರಿನಲ್ಲೇ ಮಾಡಿಸಿ. ಗ್ರಾಮ ಆಡಳಿತಾಧಿಕಾರಿ ವಿಚಾರಿಸಿದಾಗ ಅಡಿಕೆ, ಹೈನು, ಕೂಲಿ, ತಾಯಿಯ ಸಂಬಳ ಎಲ್ಲವನ್ನೂ ಹೇಳಿ. ಪರಿಶಿಷ್ಟ ಜಾತಿ, ಪಂಗಡದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ವಾರ್ಷಿಕ ಮಿತಿ 2.5 ಲಕ್ಷ ರೂಪಾಯಿ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎನ್‌ಎಸ್‌ಪಿಯ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ 4.5 ಲಕ್ಷ. ಮಿತಿಯೊಳಗೆ ಕೂರಿಸಲೆಂದು ಕಡಿಮೆ ಬರೆಸಬೇಡಿ. ನಾಳೆ ಶಿಕ್ಷಣ ಸಾಲಕ್ಕೆ ಹೋದಾಗ ಬ್ಯಾಂಕ್ ಅದೇ ಕುಟುಂಬದ ತೀರಿಸುವ ಶಕ್ತಿಯನ್ನು ನೋಡುತ್ತದೆ. ಎರಡು ಕಡೆ ಎರಡು ಲೆಕ್ಕ ಸಿಕ್ಕರೆ ಉತ್ತರ ಕೊಡುವುದು ಕಷ್ಟ. ಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಪೋರ್ಟಲ್ ಕೇಳುವುದು ಅದನ್ನೇ.

ಶಿರಸಿ, ಸಿದ್ದಾಪುರದ ತೋಟಿಗರಿಗೆ ಒಂದು ಮಾತು. ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ರೈತ ವಿದ್ಯಾನಿಧಿಯಂಥ ಯೋಜನೆಗೆ ಬೇಕಾಗುವುದು ಎಫ್‌ಐಡಿ, ಅಂದರೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ಕೊಡುವ ಗುರುತಿನ ಸಂಖ್ಯೆ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ತಂದೆಯ ಎಫ್‌ಐಡಿಗೆ ಆ ಜಮೀನು ಸೇರುವುದಿಲ್ಲ. ಅಜ್ಜ ತೀರಿಕೊಂಡಿದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮೊದಲು ಆಗಲಿ.

ಹಣ ಬರುವುದು ವಿದ್ಯಾರ್ಥಿಯ ಖಾತೆಗೆ. ಪಾಸ್‌ಬುಕ್ ಮಾಡಿಸುವಾಗ ಆಧಾರ್ ಜೆರಾಕ್ಸ್ ಕೊಟ್ಟರೆ ಸಾಲದು. ಎನ್‌ಪಿಸಿಐ ಸೀಡಿಂಗ್, ಅಂದರೆ ಸರ್ಕಾರದ ಹಣ ಬರಲು ಆಧಾರನ್ನು ಆ ಖಾತೆಗೆ ಜೋಡಿಸುವುದು, ಆಗಬೇಕು, ಅದಕ್ಕೆ ಬ್ಯಾಂಕಿನಲ್ಲಿ ಬೇರೆ ಫಾರ್ಮ್ ಇದೆ. ಎರಡು ಖಾತೆಯಿದ್ದರೆ ಕೊನೆಗೆ ಸೀಡ್ ಆದದ್ದಕ್ಕೆ ಹಣ ಹೋಗುತ್ತದೆ.

ಇಷ್ಟಾದರೂ ಶುಲ್ಕಕ್ಕೆ ಹಣ ಸಾಕಾಗದಿದ್ದರೆ ಶಿಕ್ಷಣ ಸಾಲ. ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕುತ್ತಾರೆ. ಸಾಮಾನ್ಯವಾಗಿ 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ. ಓದುವ ಅವಧಿಯಲ್ಲಿ ಕಂತಿಲ್ಲದಿದ್ದರೂ ಬಡ್ಡಿ ಏರುತ್ತಿರುತ್ತದೆ, ಹಾಗಾಗಿ ಸಹಿಗೆ ಮೊದಲು ಬಡ್ಡಿ ಸಹಾಯಧನದ ಅರ್ಹತೆಯನ್ನು ಬ್ಯಾಂಕಿನಲ್ಲೇ ಕೇಳಿ.