ಬ್ರೆಕ್ಸಿಟ್ ಮಾತು ಬಂದಾಗ: ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಆಫೀಸಿನಲ್ಲಿ ಊಟಕ್ಕೆ ಕೂತಾಗಲೋ, ಮಕ್ಕಳ ಶಾಲೆಯ ಗೇಟಿನ ಹತ್ತಿರವೋ ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದರ ಮಾತು ಬಂದೇ ಬರುತ್ತದೆ. ಯುರೋಪಿಯನ್ ಒಕ್ಕೂಟ ಬಿಡಬೇಕೋ ಬೇಡವೋ ಅಂತ ಇಲ್ಲಿನವರು ಮತ ಹಾಕಿದ್ದು 2016ರ ಜೂನ್ 23ರಂದು. ಬಿಟ್ಟು ಹೊರಬಂದಿದ್ದು 2020ರ ಜನವರಿ 31ಕ್ಕೆ. ಇಷ್ಟು ವರ್ಷ ಕಳೆದರೂ ಆ ಜಗಳ ಆರಿಲ್ಲ. ಬಿಡೋಣ ಅಂದವರು ಶೇ. 51.9, ಇರೋಣ ಅಂದವರು ಶೇ. 48.1. ಒಂದೇ ಮನೆಯಲ್ಲಿ ಅಪ್ಪ ಒಂದು ಕಡೆ, ಮಗಳು ಇನ್ನೊಂದು ಕಡೆ ಇದ್ದದ್ದುಂಟು.

"ನೀವು ಯಾವ ಕಡೆ ಹಾಕಿದ್ರಿ?" ಅಂತ ಯಾರನ್ನೂ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಅದರ ಬದಲು ಅವರ ಊರಿನ ಬಗ್ಗೆ ವಿಚಾರಿಸಿ, ಅರ್ಧ ಕಥೆ ಅಲ್ಲೇ ಸಿಗುತ್ತದೆ.

ಲಿಂಕನ್‌ಶೈರ್‌ನ ಬಾಸ್ಟನ್ ನೋಡಿ. ಸುತ್ತಲೂ ಕೋಸು, ಆಲೂಗಡ್ಡೆ ಹೊಲಗಳು. 2004ರ ನಂತರ ಪೋಲೆಂಡ್, ಲಿಥುವೇನಿಯಾ ಕಡೆಯಿಂದ ಸಾವಿರಾರು ಜನ ಅಲ್ಲಿ ಕೆಲಸಕ್ಕೆ ಬಂದರು. ಊರು ಚಿಕ್ಕದು. ಬಾಡಿಗೆ ಏರಿತು, ಡಾಕ್ಟರ ಹತ್ತಿರ ಕಾಯುವುದು ಜಾಸ್ತಿಯಾಯಿತು, ಕೂಲಿ ಏರಲಿಲ್ಲ ಅಂತ ಅಲ್ಲಿನವರ ದೂರು. ಅಲ್ಲಿ ನಾಲ್ವರಲ್ಲಿ ಮೂವರು ಬಿಡೋಣ ಅಂದರು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಇದು ಪೂರ್ತಿ ಉಲ್ಟಾ, ಸುಮಾರು ಶೇ. 79 ಮಂದಿ ಇರೋಣ ಅಂದರು. ಥೇಮ್ಸ್ ದಂಡೆಯಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇರುವುದು ಅದೇ ಲ್ಯಾಂಬೆತ್‌ನಲ್ಲಿ. ಹೇಗೂ ಹೋಗಿಯೇ ಹೋಗುತ್ತೀರಿ, ಅಲ್ವಾ? ಸ್ಕಾಟ್ಲೆಂಡ್ ಕೂಡ ಶೇ. 62ರಷ್ಟು ಇರೋಣ ಅಂದಿತ್ತು. ಗ್ಲಾಸ್ಗೋದಲ್ಲಿ ಕೆಲಸ ಸಿಕ್ಕಿದವರು ಇದನ್ನು ನೆನಪಿಡಿ. ಅಲ್ಲಿ ಬ್ರೆಕ್ಸಿಟ್ ಮಾತು ಸ್ವತಂತ್ರ ಸ್ಕಾಟ್ಲೆಂಡ್ ಮಾತಿಗೆ ಹೋಗಿ ಸೇರುತ್ತದೆ.

ಬಿಡೋಣ ಅಂದವರೆಲ್ಲ ಹೊರಗಿನವರನ್ನು ಕಂಡರೆ ಆಗದವರು ಅಂತ ತಿಳಿಯಬೇಡಿ. ನಮ್ಮ ಕಡೆಯ ಜನರಲ್ಲೂ ಸಾಕಷ್ಟು ಮಂದಿ ಹಾಗೇ ಮತ ಹಾಕಿದ್ದರು. ಯುರೋಪಿನವರಿಗೆ ಬಾಗಿಲು ತೆರೆದೇ ಇದೆ, ನಮಗೆ ಮಾತ್ರ ಇಷ್ಟೊಂದು ವೀಸಾ ಕಟ್ಟಲೆ ಯಾಕೆ ಅನ್ನುವುದು ಆಗ ಅವರ ಪ್ರಶ್ನೆಯಾಗಿತ್ತು. ಕರಿ ರೆಸ್ಟೋರೆಂಟ್ ನಡೆಸುವವರಿಗೆ ನಮ್ಮ ಕಡೆಯಿಂದ ಅಡುಗೆಯವರನ್ನು ಕರೆಸುವುದು ಸುಲಭ ಆಗುತ್ತದೆ ಅನ್ನುವ ಆಸೆಯನ್ನೂ ಪ್ರಚಾರದಲ್ಲಿ ಹುಟ್ಟಿಸಿದರು. ಆಸ್ಪತ್ರೆಗಳ ಆಸೆ ಅದಕ್ಕಿಂತ ದೊಡ್ಡದು. ಯುರೋಪಿಗೆ ವಾರಕ್ಕೆ 35 ಕೋಟಿ ಪೌಂಡ್ ಕೊಡುತ್ತಿದ್ದೇವೆ, ಅದನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಹಾಕೋಣ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿ ದೇಶವೆಲ್ಲ ಸುತ್ತಿಸಿದರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಬರೆದ ಲೆಕ್ಕ ಅದು. ಜನರ ದಾರಿ ತಪ್ಪಿಸಿದ ಆ ಲೆಕ್ಕ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

2021ರಿಂದ ಕೆಲಸದ ವೀಸಾಕ್ಕೆ ಯುರೋಪಿನವರಿಗೂ ನಮಗೂ ಒಂದೇ ಪಾಯಿಂಟ್ಸ್ ನಿಯಮ. ನಿಮ್ಮಲ್ಲಿ ಹಲವರು ಬಂದಿರುವುದು ಅದೇ ದಾರಿಯಲ್ಲಿ. ಹೊರಗಿನಿಂದ ಬರುವವರು ಕಡಿಮೆಯಾಗಲಿ ಅಂತ ಮತ ಹಾಕಿದವರು ಆಮೇಲೆ ಸಂಖ್ಯೆ ಇನ್ನೂ ಏರಿದ್ದನ್ನು ನೋಡಿದರು. ತಮಗೆ ಮೋಸವಾಯಿತು ಅನ್ನುವ ಸಿಟ್ಟು ಅವರಿಗಿದೆ. ಅದು ನಿಮ್ಮೆದುರು ಮಾತಾಗಿ ಬಂದರೆ, ಆಡಿದವರು ಸರ್ಕಾರವನ್ನು ಬೈಯುತ್ತಿದ್ದಾರೋ ನಿಮ್ಮನ್ನೋ ನೋಡಿಕೊಳ್ಳಿ. ನಿಮ್ಮನ್ನೇ ಅಂದರೆ ಸುಮ್ನೆ ನುಂಗಿಕೊಳ್ಳಬೇಡಿ, ಮ್ಯಾನೇಜರಿಗೆ ಹೇಳಿ.

ಪ್ರವಾಸದ ವಿಷಯದಲ್ಲಿ ಒಂದು ಎಚ್ಚರಿಕೆ. ಬ್ರಿಟನ್ ವೀಸಾದಲ್ಲಿ ಪ್ಯಾರಿಸ್‌ಗೆ ಹೋಗಲು ಆಗ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯದಲ್ಲಿ ಬ್ರಿಟನ್ ಯಾವತ್ತೂ ಇರಲಿಲ್ಲ. ಜನ ಜಾಸ್ತಿ ಎಡವುವುದು ಐರ್ಲೆಂಡಿನಲ್ಲಿ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಿಂದ, ಬೇರೆಯೇ ದೇಶವಾದ ಐರ್ಲೆಂಡಿನ ಡಬ್ಲಿನ್‌ಗೆ ಕಾರಿನಲ್ಲಿ ಹೊರಟರೆ ನ್ಯೂರಿ ದಾಟಿದ ಮೇಲೆ ಗಡಿ ಬರುತ್ತದೆ. ಗೇಟಿಲ್ಲ, ಪೊಲೀಸ್ ಚೌಕಿ ಇಲ್ಲ. ವೇಗದ ಬೋರ್ಡು ಮೈಲಿಯಿಂದ ಕಿಲೋಮೀಟರಿಗೆ ಬದಲಾಗುತ್ತದೆ, ಅಷ್ಟೇ. 1998ರ ಶಾಂತಿ ಒಪ್ಪಂದದ ನಂತರ ಆ ಗಡಿಯಲ್ಲಿ ಮತ್ತೆ ಗೇಟು ಬರಬಾರದು ಅಂತಲೇ ಬ್ರೆಕ್ಸಿಟ್ ಮಾತುಕತೆ ವರ್ಷಗಟ್ಟಲೆ ಎಳೆದದ್ದು. ಗೇಟಿಲ್ಲದಿದ್ದರೂ ಭಾರತದ ಪಾಸ್‌ಪೋರ್ಟ್ ಇದ್ದವರು ಐರ್ಲೆಂಡ್‌ಗೆ ವೀಸಾ ಬೇಕೋ ಅಂತ ಮೊದಲೇ ನೋಡಿಕೊಂಡು ಹೊರಡಿ.

ನಿಮ್ಮ ಟೀಮಿನಲ್ಲಿ ಪೋಲೆಂಡಿನವರೋ ಸ್ಪೇನಿನವರೋ ಇದ್ದರೆ ಈ ವಿಷಯದಲ್ಲಿ ಮೆತ್ತಗೆ ಮಾತಾಡಿ. ಎಷ್ಟೋ ವರ್ಷದಿಂದ ಇಲ್ಲೇ ತೆರಿಗೆ ಕಟ್ಟುತ್ತಿದ್ದರೂ 2016ರಲ್ಲಿ ಅವರಿಗೆ ಮತ ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದು ಇಲ್ಲಿ ವಾಸವಿದ್ದವರಿಗೆ ಇತ್ತು. ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ.

ಆ ಹಕ್ಕು ನಿಮಗೂ ಇದೆ. ವೀಸಾದ ಮೇಲೆ ಇದ್ದರೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಕೌನ್ಸಿಲ್ ಚುನಾವಣೆಯಲ್ಲೂ ಮತ ಹಾಕಬಹುದು. ಬಹಳ ಜನರಿಗೆ ಇದು ಗೊತ್ತೇ ಇರುವುದಿಲ್ಲ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಬಂದ ವಾರವೇ ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ, ಐದು ನಿಮಿಷದ ಕೆಲಸ. ಮತಗಟ್ಟೆ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಫೋಟೋ ಇರುವ ಗುರುತಿನ ಚೀಟಿ ಕೇಳಿದರೆ ಭಾರತದ ಪಾಸ್‌ಪೋರ್ಟೇ ಸಾಕು.