ಡಿಜೆ ಕಲಿಯುವವರಿಗೆ: ಮೊದಲು ಸಿಂಕ್ ಬಟನ್ ಮರೆತುಬಿಡಿ

ಈ ಮಳೆಯಲ್ಲಿ ಮನೆಯಲ್ಲೇ ಕೂತು ಪುಸ್ತಕ ನೋಡಿ ಡಿಜೆ ಕಲಿಯುವವರು ಮಡಿಕೇರಿ ಕಡೆ ಜಾಸ್ತಿ ಆಗಿದ್ದೀರಿ ಅಲ್ವಾ? ಪುಸ್ತಕ ಪೂರ್ತಿ ಓದಿ ಆಮೇಲೆ ಶುರು ಮಾಡೋಣ ಅಂತ ಕೂರಬೇಡಿ. ನಾನು ಹಾಗೆ ಮಾಡಿ ಎರಡು ತಿಂಗಳು ಸುಮ್ನೆ ಕಳೆದೆ. ಒಂದು ಪಾಠ ಓದಿ, ವಾರವಿಡೀ ಅದನ್ನೇ ಮಾಡಿ.

ಎರಡು ಹಾಡಿನ ವೇಗ ತಾನೇ ಹೊಂದಿಸುವ ಸಿಂಕ್ ಬಟನ್ ಬಿಟ್ಟು, ಹೆಡ್‌ಫೋನ್ ಹಾಕಿ ಕಿವಿಯಿಂದಲೇ ಬೀಟ್ ಕೂಡಿಸಿ. ಓಡುತ್ತಿರುವ ಹಾಡು 126 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್), ಮುಂದಿನದು 120 ಇದ್ದರೆ, ಮುಂದಿನದರ ವೇಗ ಬದಲಿಸುವ ಪಟ್ಟಿಯನ್ನು, ಅಂದರೆ ಪಿಚ್ ಫೇಡರನ್ನು, ವೇಗ ಶೇ 5 ಹೆಚ್ಚುವಷ್ಟು ಸರಿಸಿ. ಆಮೇಲೆ 32 ಬೀಟ್ ಎಣಿಸಿ. ಹೆಚ್ಚಿನ ಡ್ಯಾನ್ಸ್ ಹಾಡುಗಳಲ್ಲಿ ಹೊಸ ಭಾಗ ಶುರುವಾಗುವುದು ಅಲ್ಲೇ. ಹೊಸ ಹಾಡಿನ ಬೇಸ್ (ತಗ್ಗು ದನಿ) ಇಳಿಸಿಯೇ ಒಳಗೆ ಬಿಡಿ. ಎರಡು ಬೇಸ್ ಒಟ್ಟಿಗೆ ಬಂದರೆ ಬರೀ ಗದ್ದಲ.

ಮದುವೆಮನೆ ವಾಲಗಕ್ಕೆ ಈ ಲೆಕ್ಕ ಹಚ್ಚಬೇಡಿ. ಅಲ್ಲಿ ವೇಗ ಬಾರಿಸುವವರ ಕೈಯಲ್ಲಿದೆ. ಹಾಂ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳಿ, ನಮ್ಮ ಕರೆಂಟ್ ಗೊತ್ತಲ್ಲ!